ಗುರುತಿನ ಕಿಟಕಿ

ನಮ್ಮೂರಿನಲ್ಲಿ ಕುಡಿದವನು ಏನನ್ನೂ ಮರೆಯುವುದಿಲ್ಲ. ಮರೆಯುವವರು ಅವನ ಮನೆಯವರು. ಒಂದು ಪಾವು ಸಾರಾಯಿ ಅವನ ಗಂಟಲಿಗೆ ಇಳಿದರೆ ಅವನು ಯಾವ ಮಗ್ಗುಲಿಗೆ ಮಲಗುತ್ತಾನೆ ಎಂಬುದು ಹೆಂಡತಿಗೆ ಮರೆತುಹೋಗುತ್ತದೆ. ಎರಡು ಇಳಿದರೆ ಅವನಿಗೆ ಸಾರಿನಲ್ಲಿ ಹುಳಿ ಮುಂದಿರಬೇಕೋ ಖಾರ ಮುಂದಿರಬೇಕೋ ತಾಯಿಗೆ ತಿಳಿಯುವುದಿಲ್ಲ. ಏರುತ್ತ ಹೋದರೆ ಹೆಸರು ಹೋಗುತ್ತದೆ, ಆಮೇಲೆ ಮುಖ ಹೋಗುತ್ತದೆ. ಮನೆಯವರಾದ ಮೇಲೆ ಬೀದಿಯವರಿಗೆ, ಕೆಲಸದ ಜಾಗದವರಿಗೆ. ಕುಡಿಯುವುದನ್ನು ಬಿಟ್ಟರೆ ನಲವತ್ತು ದಿನದಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ವಾಪಸು ಬರುತ್ತದೆ. ನಾನು ಹುಟ್ಟುವುದಕ್ಕೆ ಮೊದಲಿಂದಲೂ ಇದು ಹೀಗೇ ಇದೆ.

ಅದಕ್ಕೇ ಸಾರಾಯಿ ಮಾರುವುದು ಸರ್ಕಾರದ ಕೆಲಸವಾಗಿತ್ತು. ಊರಿಗೆಲ್ಲ ಒಂದೇ ಡಿಪೊ. ಗುರುವಾರ ಮಾತ್ರ ಬಾಗಿಲು ತೆರೆಯುತ್ತಿತ್ತು, ತಲೆಗೆ ಒಂದು ಪಾವು. ಗಂಡಸು ಒಬ್ಬನೇ ಬಂದರೆ ಸಿಗುತ್ತಿರಲಿಲ್ಲ. ಮನೆಯ ಹೆಂಗಸೊಬ್ಬಳು ಕಿಟಕಿಯ ಮುಂದೆ ನಿಂತು ಅವನ ಹೆಸರು ಹೇಳಿ, ಮೈಮೇಲಿನ ಎರಡು ಗುರುತು ಹೇಳಿ, “ಇವನು ನಮ್ಮವನು” ಎನ್ನಬೇಕಿತ್ತು. ತಡವರಿಸಿದರೆ ಆ ವಾರ ಇಲ್ಲ. ಪೂರಾ ಮರೆತಿದ್ದರೆ ಆ ಗಂಡಸನ್ನು ಡಿಪೊದ ಹಿಂದಿನ ಶೆಡ್ಡಿನಲ್ಲಿ ಮಲಗಿಸಿ, ಗಂಜಿ ಕೊಟ್ಟು, ಕೈನಡುಕ ನಿಲ್ಲುವ ತನಕ ಕಾಂಪೌಂಡರೊಬ್ಬರು ನೋಡಿಕೊಳ್ಳುತ್ತಿದ್ದರು. ಆ ಕಿಟಕಿಯ ಒಳಗಡೆ ಇಪ್ಪತ್ತೆರಡು ವರ್ಷ ಕೂತವಳು ನಾನು, ದ್ಯಾವೀರಮ್ಮ.

ಗಂಡ ತೀರಿಕೊಂಡ ಮೇಲೆ ಆ ಕೆಲಸ ಸಿಕ್ಕಿತು. ಓದು ಬರಹ ಬರಬೇಕು ಎಂದರು. ಮೂವತ್ತೆಂಟನೇ ವಯಸ್ಸಿನಲ್ಲಿ ಪುಟ್ಟಮಾದಯ್ಯ ಮೇಷ್ಟ್ರ ರಾತ್ರಿ ಶಾಲೆಗೆ ಸೇರಿದೆ. ಬೇರೆ ಊರುಗಳಲ್ಲಿ ರಾತ್ರಿ ಶಾಲೆಗೆ ಜನರನ್ನು ಕರೆಕರೆದು ಕೂರಿಸಬೇಕಂತೆ. ನಮ್ಮಲ್ಲಿ ಚಾಪೆ ಸಾಲುತ್ತಿರಲಿಲ್ಲ. ಹೆಂಗಸರೆಲ್ಲ ಬರುತ್ತಿದ್ದರು, ಏಕೆಂದರೆ ಮನೆಯ ಗಂಡಸಿನ ವಿಚಾರವನ್ನು ಜಗಲಿಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳದಿದ್ದರೆ ಅವನು ಕೈತಪ್ಪಿ ಹೋಗುತ್ತಾನೆ ಎಂಬ ಭಯ ಎಲ್ಲರಿಗೂ ಇತ್ತು. ನಾನು ‘ಅ’ ತಿದ್ದಲು ಹದಿನೈದು ದಿನ ತೆಗೆದುಕೊಂಡೆ. ಮೇಷ್ಟ್ರು ಬೈಯಲಿಲ್ಲ. “ನಿಧಾನವಾಗಿ ಬರೆದದ್ದು ನಿಧಾನವಾಗೇ ಅಳಿಯೋದು, ಬರಿ ತಾಯಿ” ಅಂದರು.

ಕಿಟಕಿಯ ಕೆಲಸದಲ್ಲಿ ನಗುವೂ ಇತ್ತು. ನಮ್ಮ ಪಕ್ಕದ ಮನೆಯ ಕೆಂಪಾಜಮ್ಮ ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಸಾಲಿನಲ್ಲಿ ಬಂದು ನಿಂತಳು. ಹೆಸರು ಹೇಳು ಅಂದೆ.

“ಅದೇ ಕಣಕ್ಕ, ನಮ್ಮೆಜಮಾನ್ರು.”

“ಊರಿನ ಗಂಡಸರೆಲ್ಲ ಯಾರ್ಗಾದ್ರೂ ಯಜಮಾನ್ರೇ. ಹೆಸರು ಹೇಳು.”

“ಗಂಡನ ಹೆಸರ ಬಾಯಲ್ಲಿ ಹೇಳಕ್ಕಾಯ್ತದಾ? ನಾಚ್ಕೆ ಆಯ್ತದೆ.”

“ನಾಚ್ಕೆಯೋ ಮರೆವೋ?”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಹಿಂದೆ ನಿಂತಿದ್ದ ಗಂಡ ತಾಳ್ಮೆ ಕೆಟ್ಟು, “ಮಾಯಿಗಯ್ಯ ಅನ್ನೇ, ಹೊತ್ತಾಯ್ತದೆ!” ಅಂದ. “ನೀನು ಸುಮ್ನಿರಯ್ಯ, ಹೇಳ್ಕೊಡಂಗಿಲ್ಲ” ಎಂದು ನಾನು ಗದರಿದೆ. ಆ ವಾರ ಅವನು ಬರಿಗೈಯಲ್ಲಿ ಹೋದ. ಮುಂದಿನ ಗುರುವಾರ ಕೆಂಪಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು “ಮಾಯಿಗಯ್ಯ” ಎಂದು ಒಂದೇ ಉಸಿರಿಗೆ ಹೇಳಿ ಓಡಿಹೋದಳು.

ಡಿಪೊ ದೇವಸ್ಥಾನವೇನೂ ಆಗಿರಲಿಲ್ಲ. ಹೆಂಡತಿಯ ಕೈ ತಿರುಚಿ ಗುರುತು ಬಾಯಿಪಾಠ ಮಾಡಿಸಿ ಕರೆತರುವವರಿದ್ದರು. ಹೇಳಲು ಯಾರೂ ಇಲ್ಲದ ಒಂಟಿ ಗಂಡಸರು ಸಾಲಿನ ಪಕ್ಕದಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಹೆಂಗಸರಿಗೆ ವಾರವಾರವೂ ಕೂಲಿ ಬಿಟ್ಟು ಬಂದು ಬಿಸಿಲಲ್ಲಿ ನಿಲ್ಲುವುದು ಸಾಕಾಗಿತ್ತು. ಹಾಗಾಗಿ ಒಂದು ದಿನ ಪಟ್ಟಣದಿಂದ ಅಧಿಕಾರಿಯೊಬ್ಬರು ಬಂದು, ಇನ್ನು ಸರ್ಕಾರ ಸಾರಾಯಿ ಮಾರುವುದಿಲ್ಲ, ಹರಾಜಿನಲ್ಲಿ ಖಾಸಗಿಯವರಿಗೆ ಕೊಡುತ್ತದೆ ಎಂದಾಗ ಯಾರೂ ಜಗಳಕ್ಕೆ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಅಧಿಕಾರಿ ನನ್ನನ್ನೇ ನೋಡಿ ಕೇಳಿದರು: “ವಯಸ್ಸಿಗೆ ಬಂದ ಗಂಡಸು ತನ್ನ ದುಡಿಮೆಯಲ್ಲಿ ಒಂದು ಪಾವು ಕುಡಿಯೋದಕ್ಕೆ ಹೆಂಗಸಿನ ಸಾಕ್ಷಿ ಯಾಕಮ್ಮ ಬೇಕು? ಅವನೇನು ಮಗುವಾ?” ನನ್ನ ಹತ್ತಿರ ಉತ್ತರವಿತ್ತು. ಆದರೆ ಪ್ರಶ್ನೆಯೂ ಅಷ್ಟೇನೂ ತಪ್ಪಿರಲಿಲ್ಲ. ಆಷಾಢದಲ್ಲಿ ಕಿಟಕಿಗೆ ಹಲಗೆ ಹೊಡೆದರು. ಶೆಡ್ಡಿನ ಮಂಚಗಳನ್ನು ಗಾಡಿಗೆ ಹೇರಿಕೊಂಡು ಹೋದರು. ಕಾಂಪೌಂಡರು ಬೇರೆ ಊರಿಗೆ ವರ್ಗವಾದರು. ನನಗೆ ಪಿಂಚಣಿ ಆಯಿತು.

ಮೂರು ಅಂಗಡಿ ಬಂದವು. ಒಂದು ನಮ್ಮ ಬೀದಿಯ ತುದಿಯಲ್ಲೇ, ಪರಶಿವಪ್ಪ ಎಂಬುವರದು. ಕೆಟ್ಟ ಮನುಷ್ಯರಲ್ಲ. ಬಂದವರಿಗೆ ಹುರಿದ ಕಡಲೆಬೀಜ ಕೊಡುತ್ತಿದ್ದರು, ಬೆಂಚು ಒರೆಸಿಡುತ್ತಿದ್ದರು. ಬೆಳಿಗ್ಗೆ ಹಾಲಿನವನ ಜೊತೆಗೆ ಬಾಗಿಲು ತೆಗೆದರೆ ದಿನವಿಡೀ ತೆರೆದೇ ಇರುತ್ತಿತ್ತು. ನಾನೊಮ್ಮೆ ಹೋಗಿ, ಬಂದವರ ಹೆಸರನ್ನಾದರೂ ಕೇಳಿ ಅಂದೆ. “ನಾನು ಯಾರ ಹೆಸರೂ ಕೇಳಲ್ಲ ಅಮ್ಮ, ಅದೇ ನನ್ನ ಅಂಗಡಿ ಮರ್ಯಾದೆ” ಎಂದು ಕೈಮುಗಿದರು.

ದೀಪಾವಳಿಯ ಹೊತ್ತಿಗೆ ಊರಿನ ಜಗಲಿಗಳ ಮೇಲೆ ಗುರುತಿಲ್ಲದ ಗಂಡಸರು ಕೂರತೊಡಗಿದರು. ಅವರಿಗೆ ಎಲ್ಲ ನೆನಪಿತ್ತು. ತಮ್ಮ ಮನೆ ಯಾವುದೆಂದು ಗೊತ್ತಿತ್ತು, ಒಳಗೆ ಯಾವ ಮೂಲೆಯಲ್ಲಿ ಮಡಕೆ ಇದೆಯೆಂದು ಗೊತ್ತಿತ್ತು. ಒಳಗೆ ಬರಲು ಮಾತ್ರ ಯಾರೂ ಬಿಡುತ್ತಿರಲಿಲ್ಲ. ಹೆಂಗಸರು ಅದಕ್ಕೂ ಒಗ್ಗಿಕೊಂಡರು. ಅಡುಗೆಯಾದ ಮೇಲೆ ಒಂದು ತಟ್ಟೆ ಮುದ್ದೆ ಜಗಲಿಗೆ ಇಡುವುದು ರೂಢಿಯಾಯಿತು. “ನಮ್ಮೋನೇ ಇದ್ರೂ ಇರ್ಬೋದು ಕಣಕ್ಕ. ಅಲ್ದಿದ್ರೆ ಇನ್ಯಾವಳದೋ ಗಂಡ, ಉಣ್ಲಿ” ಎನ್ನುತ್ತಿದ್ದಳು ಕೆಂಪಾಜಮ್ಮ. ಅವಳ ಜಗಲಿಯಲ್ಲಿ ದಿನವೂ ಒಬ್ಬ ಬಂದು ಉಂಡು, ಅವಳ ಮುಖವನ್ನೇ ನೋಡಿ, ಎದ್ದು ಹೋಗುತ್ತಿದ್ದ.

ಇನ್ನೊಂದಿತ್ತು. ಅದರ ಬಗ್ಗೆ ಹೆಂಗಸರು ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಒಂದು ದಿನ ಹಿಟ್ಟಿನ ಗಿರಣಿಯಲ್ಲಿ, ಗಂಡನನ್ನು ಎಂದೋ ಪೂರಾ ಮರೆತಿದ್ದ ಸಿದ್ದಾಜಮ್ಮ ರಾಗಿ ಬೀಸಿಸುತ್ತಿದ್ದಳು. ಹಿಟ್ಟು ಬೀಳುವಲ್ಲಿ ಚೀಲ ಹಿಡಿದಿದ್ದವಳ ಕೈ ಸಡಿಲವಾಯಿತು. ಹಿಟ್ಟು ನೆಲಕ್ಕೆ ಸುರಿಯುತ್ತಿತ್ತು. “ಅವ್ರಿಗೆ ಎಡಗಿವಿ ಕೇಳ್ತಿರಲಿಲ್ಲ” ಅಂದಳು. “ಬಲಗಡೆ ನಿಂತ್ಕೊಂಡೇ ಕರೀಬೇಕಿತ್ತು.” ಗಿರಣಿಯವನು ಮೋಟಾರು ನಿಲ್ಲಿಸಿದ. ಕುಡಿತ ಬಿಟ್ಟವನ ನೆನಪು ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಸತ್ತವನದು ಒಂದೇ ಸಲಕ್ಕೆ ಬರುತ್ತದೆ.

ನನಗೊಬ್ಬ ಮಗನಿದ್ದ. ಬೋರಲಿಂಗ. ಒಬ್ಬನೇ ಮಗ. ಲಾರಿ ನಿಲ್ದಾಣದಲ್ಲಿ ಟಾರ್ಪಾಲು ಹೊಲಿಯುತ್ತಿದ್ದ. ಡಿಪೊ ಇದ್ದಾಗ ಅವನಿಗೂ ಗುರುವಾರದ ಪಾವು ಸಿಗುತ್ತಿತ್ತು. ನಾನು ಕಿಟಕಿಯ ಒಳಗಿದ್ದವಳು, ನಾನು ಗುರುತು ಹೇಳುವಂತಿರಲಿಲ್ಲ. ಹೆಂಡತಿ ಸಾಕಮ್ಮ ಬಂದು ಹೇಳುತ್ತಿದ್ದಳು. ಅಂಗಡಿ ಬಂದ ಮೇಲೆ ಬೆನ್ನುನೋವು ಎಂದು ದಿನಾ ಒಂದು ಪಾವು, ಆಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು. ನಾನು ಬೈದೂ ನೋಡಿದೆ, ಅತ್ತೂ ನೋಡಿದೆ. “ಲೆಕ್ಕದಲ್ಲೇ ಐತೆ ಕಣವ್ವ” ಅನ್ನುತ್ತಿದ್ದ. ಒಂದು ಬೆಳಿಗ್ಗೆ ಸಾಕಮ್ಮ ಕಿರುಚಿಕೊಂಡಳು. ಓಡಿಹೋಗಿ ನೋಡಿದರೆ ಬೋರಲಿಂಗ ಅಂಗೈಯಲ್ಲಿ ಹಲ್ಲುಪುಡಿ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದ. “ಯಾರಯ್ಯ ನೀನು, ಹೆಂಗಸ್ರಿರೋ ಮನೇಗೆ ನುಗ್ಗಿದೀಯ?” ಎಂದು ಅವಳು ಪೊರಕೆ ಎತ್ತಿದ್ದಳು. ಅವನು ಬಾಯಿ ಮುಕ್ಕಳಿಸಿ ಹೊರಗೆ ಹೋದ. ಅವಳು ವಾರದಲ್ಲಿ ತವರಿಗೆ ಹೊರಟುಹೋದಳು. ಮದುವೆಯೇ ಆಗದವಳು ಇಲ್ಲಿ ಯಾಕಿರಲಿ ಎಂದು ಅವಳಿಗೆ ಅನ್ನಿಸಿರಬೇಕು. ಅವಳ ತಪ್ಪಲ್ಲ.

ಆ ದಿನವೇ ನಾನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ಬೋರಲಿಂಗ. ನನ್ನ ಮಗ. ಟಾರ್ಪಾಲು ಹೊಲಿಯುತ್ತಾನೆ. ಸಾಧು. ಸುಳ್ಳು ಹೇಳುವವನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ. ಇಷ್ಟೇ ಬರೆದೆ. ಇಪ್ಪತ್ತೆರಡು ವರ್ಷ ಊರಿನ ಹೆಂಗಸರಿಗೆಲ್ಲ ಮಚ್ಚೆ ಬರೆಯಿರಿ, ಗಾಯದ ಕಲೆ ಬರೆಯಿರಿ, ಯಾವ ಕೈ, ಯಾವ ಬೆರಳು ಎಂದು ಬರೆಯಿರಿ ಎಂದು ಹೇಳಿಕೊಟ್ಟಿದ್ದೆ. ನನ್ನ ಮಗನ ಸರದಿ ಬಂದಾಗ ಇದ್ದಿಲು ಹಿಡಿದ ಕೈ ಅವನ ಒಳ್ಳೆಯ ಗುಣಗಳನ್ನೇ ಬರೆಯಿತು. ಹೆತ್ತವಳಿಗೆ ಮಚ್ಚೆ ಯಾಕೆ ಬೇಕು ಎಂದು ನನಗೆ ಜಂಬ.

ಆಮೇಲೆ ಅವನು ನನಗೂ ಹೋದ. ಹೋದದ್ದು ತಿಳಿಯಲಿಲ್ಲ. ಮರೆಯುವಾಗ ನೋವಾಗುವುದಿಲ್ಲ, ಅದೇ ಅದರ ಕಷ್ಟ. ಬೆಳಿಗ್ಗೆ ಜಗಲಿ ಗುಡಿಸುವಾಗ ಗೋಡೆಯನ್ನು ಓದುತ್ತಿದ್ದೆ. ಯಾರೋ ಹೆಂಗಸಿಗೆ ಒಬ್ಬ ಒಳ್ಳೆಯ ಮಗನಿದ್ದಾನೆ ಎನ್ನಿಸುತ್ತಿತ್ತು. ಕೈಬರಹ ನನ್ನದಾಗಿತ್ತು, ಅಷ್ಟೇ.

ಒಂದು ದಿನ ಒಬ್ಬ ಬಂದು “ಅವ್ವಾ, ನಾನು ಬೋರಲಿಂಗ” ಎಂದು ಕಾಲಿಗೆ ಬಿದ್ದ. ಟಾರ್ಪಾಲು ಹೊಲಿಯುತ್ತೇನೆ ಅಂದ. ಸುಳ್ಳು ಹೇಳುವವನಲ್ಲ ಎಂದು ಗೋಡೆಯಲ್ಲಿ ನಾನೇ ಬರೆದಿದ್ದೆನಲ್ಲ, ಅವನು ಹೇಳಿದ್ದನ್ನೆಲ್ಲ ನಂಬಿದೆ. ನಾಲ್ಕು ದಿನ ಕೋಳಿ ಸಾರು ಮಾಡಿ ಹಾಕಿದೆ. ಐದನೇ ದಿನ ಅವನೂ ಇರಲಿಲ್ಲ, ಹಿತ್ತಲಿನ ತಾಮ್ರದ ಹಂಡೆಯೂ ಇರಲಿಲ್ಲ. “ಬೀದೀಲಿ ಹೋಗೋರ್ಗೆಲ್ಲ ಕಾಣಂಗೆ ಬರ್ದಿದ್ದೀಯ, ಅಕ್ಷರ ಬಂದ ಯಾವನಾದ್ರೂ ನಿನ್ ಮಗನೇ” ಎಂದು ಕೆಂಪಾಜಮ್ಮ ನಕ್ಕಳು. ನಾನೂ ನಕ್ಕೆ. ಇನ್ನು ಮೋಸ ಹೋಗಬಾರದು ಎಂದುಕೊಂಡೆ.

ಅದಾದ ಒಂದು ತಿಂಗಳಿಗೆ, ಮಧ್ಯಾಹ್ನ, ಇನ್ನೊಬ್ಬ ಬಂದ. ಜಗಲಿ ಹತ್ತಲಿಲ್ಲ, ಕೆಳಗೇ ನಿಂತ.

“ಅವ್ವಾ.”

“ಯಾರಪ್ಪ?”

“ನಾನು ಕಣವ್ವ, ಬೋರ.”

“ತಟ್ಟೆ ಇಡ್ತೀನಿ, ಕೂತ್ಕೊ. ಅವ್ವ ಗಿವ್ವ ಅನ್ಬೇಡ.”

ಅವನು ನಕ್ಕ. “ಕಿಟಕೀಲಿ ಕೂತಂಗೇ ಮಾತಾಡ್ತೀಯಲ್ಲ.”

“ನಾನು ಕಿಟಕೀಲಿ ಕೂತಿದ್ದು ಊರಿಗೆಲ್ಲ ಗೊತ್ತು.”

“ನಿನ್ನ ಎಡಗಾಲ ಹಿಮ್ಮಡಿ ಚಳಿಗಾಲದಲ್ಲಿ ಒಡೀತದೆ. ಟಾರ್ಪಾಲಿನ ಮೇಣ ಕಾಸಿ ನಾನೇ ಹಚ್ತಿದ್ದೆ.”

ನನ್ನ ಹಿಮ್ಮಡಿ ಒಡೆದಿರುವುದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ. ದಪ್ಪ ಸೂಜಿಯನ್ನು ದೂಡಿ ದೂಡಿ ಬಲ ಅಂಗೈಯ ನಡುವೆ ಗೋಲಿಯಷ್ಟು ದಪ್ಪ ಗಂಟು ಕಟ್ಟಿತ್ತು. ಕೈ ನಡುಗುತ್ತಿತ್ತು. ನಾನು ತಿರುಗಿ ಗೋಡೆಯನ್ನು ಇನ್ನೊಮ್ಮೆ ಪೂರ್ತಿ ಓದಿದೆ.

“ಗೋಡೇಲಿ ಅಂಗೈ ವಿಚಾರ ಇಲ್ವಲ್ಲಪ್ಪ.”

“ನೀನು ಬರೀದಿದ್ರೆ ನಾನೇನ್ ಮಾಡ್ಲಿ? ಊರ್ನೋರ್ಗೆಲ್ಲ ಮಚ್ಚೆ ಬರೀರಿ ಅಂದೆ, ನಂಗೆ ಮಾತ್ರ ಸಾಧು ಅಂತ ಬರ್ದೆ.” ಆಮೇಲೆ ಮೆಲ್ಲಗೆ ಹೇಳಿದ: “ಇವತ್ನಿಂದ ಬುಡ್ತೀನಿ. ಈ ಜಗಲಿ ಮೇಲೆ ಒಂದು ಚಾಪೆ ಕೊಡು, ನಲವತ್ತು ದಿನ ಬಿದ್ಕಂಡಿರ್ತೀನಿ. ಮೊದಲಾದ್ರೆ ಶೆಡ್ಡಿತ್ತು, ಕಾಂಪೌಂಡ್ರು ಇದ್ರು. ಈಗ ಒಬ್ನೇ ಬುಟ್ರೆ ಜೀವ ತಡೆಯಲ್ಲ ಕಣವ್ವ. ಒಂದ್ಸಲ ನಮ್ಮವನು ಅನ್ನು. ನಿಜ ಅಲ್ದಿದ್ರೂ ಅನ್ನು.”

ನಿಜ ಅಲ್ಲದಿದ್ದರೂ ಅನ್ನು ಎಂದದ್ದೇ ಕೆಡಿಸಿತು. ಸುಳ್ಳುಗುರುತು ಹೇಳಿದವರನ್ನು ಇಪ್ಪತ್ತೆರಡು ವರ್ಷ ಕಿಟಕಿಯಿಂದ ಹಿಂದಕ್ಕೆ ಕಳಿಸಿದವಳು ನಾನು. ಎದುರಿಗೆ ನಿಂತವನನ್ನು ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ ಹಾಕಿಕೊಂಡಿದ್ದ. ಪಾಪ ಅನ್ನಿಸಿತು. ಪಾಪಕ್ಕಿಂತ ಹೆಚ್ಚಿನದೇನೂ ನನ್ನೊಳಗೆ ಏಳಲಿಲ್ಲ. ಯಾರ ಮಗನೋ, ಅವನ ತಾಯಿ ಎಲ್ಲಿ ಕಾಯುತ್ತಿದ್ದಾಳೋ, ಅವಳ ಮಗನನ್ನು ನನ್ನವನು ಎನ್ನುವುದು ಹೇಗೆ?

“ಊಟ ಮಾಡ್ಕೊಂಡು ಹೋಗಪ್ಪ” ಅಂದೆ.

ಅವನು ಉಂಡ. ತಟ್ಟೆ ತೊಳೆದು, ನೀರು ಇಳಿಯಲಿ ಎಂದು ಗೋಡೆಗೆ ಓರೆಯಾಗಿ ನಿಲ್ಲಿಸಿದ. “ಹೋಗ್ತೀನವ್ವ” ಅಂದ. ಬರ್ತೀನಿ ಅನ್ನಲಿಲ್ಲ. ಪರಶಿವಪ್ಪನವರ ಅಂಗಡಿಯ ಮುಂದೆ ಅವನು ನಿಧಾನಿಸಿದ್ದನ್ನು ಜಗಲಿಯಿಂದಲೇ ನೋಡಿದೆ. ಒಳಗೆ ಹೋಗದೆ ಮುಂದಕ್ಕೆ ನಡೆದ.

ಮೂರನೇ ದಿನ ಬಟ್ಟೆ ಒಗೆಯುತ್ತಿದ್ದಾಗ ಎಲ್ಲಿಂದಲೋ ಕಾಸಿದ ಮೇಣದ ವಾಸನೆ ಬಂತು. ಬೀದಿಯಲ್ಲಿ ಯಾರೂ ಮೇಣ ಕಾಸುತ್ತಿರಲಿಲ್ಲ. ಐದನೇ ದಿನ ಒಂದು ಎಳೆಯ ನಗು ನೆನಪಾಯಿತು, ಮುಖವಿಲ್ಲದ ಬರೀ ನಗು. ಆರನೇ ದಿನ ಹೆಸರು ಬಂತು. ಗೋಡೆ ನೋಡದೆ, ಒಲೆಯ ಮುಂದೆ ಕೂತವಳು “ಬೋರ” ಅಂದೆ. ಕೆಂಪಾಜಮ್ಮನ ಮನೆಗೆ ಓಡಿದೆ. “ಬುಟ್ಟವ್ನೆ ಕಣೇ! ಎಲ್ಲೋ ಇದ್ದು ಕುಡಿಯೋದ ಬುಟ್ಟವ್ನೆ!” ಅವಳು ನನ್ನ ಕೈ ಹಿಡಿದುಕೊಂಡು ಕುಣಿದಳು. ಇಬ್ಬರೂ ಬೀದಿಯಲ್ಲಿ ನಿಂತು ಅಳುತ್ತ ನಗುತ್ತಿದ್ದೆವು. ನಲವತ್ತು ದಿನ ತುಂಬಿದರೆ ಬರುತ್ತಾನೆ ಎಂದು ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ದಿನವನ್ನೂ ಗೊತ್ತು ಮಾಡಿಕೊಂಡೆ.

ಒಂಬತ್ತನೇ ದಿನ ಅಂಗೈ ನೆನಪಾಯಿತು. ಬಲ ಅಂಗೈ, ನಡುವಿನ ಗಂಟು. ಮಗುವಾಗಿದ್ದಾಗಿನದಲ್ಲ, ಮೊನ್ನೆ ನನ್ನ ಮುಂದೆ ಬಿಚ್ಚಿ ಹಿಡಿದದ್ದು. ನನ್ನ ಮಗನ ಕೈ, ಜಗಲಿಯ ಕೆಳಗೆ ನಿಂತವನ ಕೈ, ಎರಡೂ ಒಂದರ ಮೇಲೊಂದು ಕೂತವು. ಚಪ್ಪಲಿ ಮೆಟ್ಟದೆ ಹೊರಟೆ.

ಪರಶಿವಪ್ಪನವರು “ಆ ಥರದೋರು ನೂರು ಜನ ಬರ್ತಾರಮ್ಮ” ಅಂದರು. ಲಾರಿ ನಿಲ್ದಾಣದಲ್ಲಿ ಟಾರ್ಪಾಲು ಮಾಲೀಕ ದಾಸೇಗೌಡರು ಹೊಲಿಗೆಯ ನಡುವೆ ತಲೆಯೆತ್ತಿದರು. “ಒಬ್ಬ ಬಂದಿದ್ದ ಕಣಮ್ಮ. ಮುಖ ಗೊತ್ತಿರಲಿಲ್ಲ, ಹೊಲಿಗೆ ಮಾತ್ರ ನಮ್ಮ ಕಾರ್ಖಾನೇದೇ ಅನ್ನಂಗಿತ್ತು. ಐದು ದಿನ ಹೊಲಿದ. ಆಮೇಲೆ ಕೈ ನಡುಕ ಜಾಸ್ತಿ ಆಯ್ತು, ಜ್ವರ, ಏನೇನೋ ಮಾತಾಡೋನು. ಒಂದು ಪಾವು ಕುಡಿ ಸರಿಹೋಗ್ತದೆ ಅಂದೆ. ಕುಡಿದ್ರೆ ನಮ್ಮವ್ವಂಗೆ ಮತ್ತೆ ಮರ್ತೋಯ್ತದೆ ಅಂದ. ಯಾರೋ ಏನೋ, ರೋಗ ಬೇರೆ, ಬೇರೆ ಕಡೆ ನೋಡ್ಕೊಳಪ್ಪ ಅಂತ ಕಳಿಸ್ದೆ.” ಎಲ್ಲಿಗೆ ಹೋದ ಎಂದು ಕೇಳಿದೆ. ಅವರಿಗೆ ತಿಳಿಯದು. ಅವತ್ತು, ಮಾರನೆಯ ದಿನ, ಜಗಲಿ ಜಗಲಿಯೂ ಹುಡುಕಿದೆ. ಕೂತಿದ್ದ ಗಂಡಸರೆಲ್ಲ ನಾನು ಹತ್ತಿರ ಬಂದಾಗ ಆಸೆಯಿಂದ ತಲೆಯೆತ್ತುತ್ತಿದ್ದರು. ಒಬ್ಬೊಬ್ಬರ ಅಂಗೈಯನ್ನೂ ಬಿಡಿಸಿ ನೋಡಿ, ಮಡಿಸಿ ವಾಪಸು ಕೊಟ್ಟೆ.

ಹನ್ನೊಂದನೇ ದಿನ ಮತ್ತೆ ಹೊರಡಬೇಕು ಎಂದು ಬೆಳಿಗ್ಗೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಕೆಂಪಾಜಮ್ಮ ಎದುರಿಗಿದ್ದಳು. ಸೊಪ್ಪಿನ ದರ ಹೇಳುತ್ತಿದ್ದಳು. ಇದ್ದಕ್ಕಿದ್ದಂತೆ ನನಗೆ ಅವನ ಹೊಕ್ಕುಳಿನ ಆಕಾರ ಕಂಡಿತು. ಅದರ ಹಿಂದೆಯೇ ಎಲ್ಲ. ಮೊದಲ ಹಲ್ಲು, ಮದುವೆಯ ದಿನ ಹೆಣ್ಣಿನ ಕಡೆಯವರ ಮುಂದೆ ಬಿಕ್ಕಳಿಕೆ ಬಂದದ್ದು, ಅವನ ಬೆವರಿನ ವಾಸನೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದು, ಬೈದಾಗ ನೆಲ ನೋಡುವ ರೀತಿ, ಅಂಗಿಯ ಗುಂಡಿಯನ್ನು ನಲವತ್ತು ವರ್ಷದಿಂದಲೂ ಮೇಲೆ ಕೆಳಗೆ ಹಾಕಿಕೊಳ್ಳುವುದು. ಏನೂ ಉಳಿಯದಂತೆ ಬಂದುಬಿಟ್ಟಿತು. ನಾನು ಬೇಡ ಬೇಡ ಅಂದೆನಂತೆ. ಇಷ್ಟು ಬೇಡ, ಸ್ವಲ್ಪ ಸಾಕು ಅಂದೆನಂತೆ. ಕೆಂಪಾಜಮ್ಮ ಒಳಗೆ ಹೋಗಿ ಒಲೆ ಆರಿಸಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ದಾರಿ ಕೇಳಬೇಕಾಗಲಿಲ್ಲ. ಸತ್ತವರಿಗೆ ನಮ್ಮೂರಿನಲ್ಲಿ ವಾರಸುದಾರರ ಕೊರತೆಯಿಲ್ಲ. ಬೀದಿಯವರೆಲ್ಲ ಅವರವರ ಕೆಲಸ ಬಿಟ್ಟು ಲಾರಿ ನಿಲ್ದಾಣದ ಕಡೆಗೆ ನಡೆಯುತ್ತಿದ್ದರು. ಅವರಿಗೂ ಅದೇ ಗಳಿಗೆಯಲ್ಲಿ ನೆನಪಾಗಿತ್ತು, ಲಾರಿಗಳ ಹಿಂದೆ ಬಿದ್ದಿದ್ದವನು ಯಾರೆಂದು ಹೊಳೆದಿತ್ತು. ನಿಂತ ಲಾರಿಗಳ ಹಿಂದೆ, ಗೋಡೆಯ ಪಕ್ಕ, ಹಳೆಯ ಗೋಣಿಯ ಮೇಲೆ ಅವನು ಮಲಗಿದ್ದ. ದಾಸೇಗೌಡರು ತಲೆಯ ಬಳಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದರು. “ನಮ್ಮ ಬೋರಲಿಂಗ ಕಣಮ್ಮ. ಹದಿನೆಂಟು ವರ್ಷ ನನ್ನ ಪಕ್ಕದಲ್ಲೇ ಕೂತು ಹೊಲಿದೋನು. ನಾನೇ ಕಳಿಸ್ಬುಟ್ಟೆ.” ಸುತ್ತ ನಿಂತಿದ್ದವರೆಲ್ಲ ಅವನ ಹೆಸರು ಹೇಳುತ್ತಿದ್ದರು. ಎಷ್ಟೋ ತಿಂಗಳಿಂದ ಯಾರೂ ಕರೆಯದಿದ್ದ ಹೆಸರು ಅಷ್ಟೊಂದು ಬಾಯಲ್ಲಿತ್ತು.

ನಾನು ಪಕ್ಕದಲ್ಲಿ ಕೂತು ಅವನ ಬಲಗೈ ತೆಗೆದುಕೊಂಡೆ. ನಡುಕ ನಿಂತಿತ್ತು. ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ.

ಪೊಲೀಸಿನವರೊಬ್ಬರು ಬಂದರು. ಹೊಸಬರು, ಚಿಕ್ಕ ವಯಸ್ಸು. ಬಗ್ಗಿ, ಮರ್ಯಾದೆಯಿಂದ ಕೇಳಿದರು: “ನೀವು ತಾಯಿಯಾ? ಗುರುತು ಏನಾದ್ರೂ ಇದ್ರೆ ಹೇಳಿ ಅಮ್ಮ, ಬರ್ಕೋಬೇಕು.”

ಹೇಳತೊಡಗಿದೆ. ಕಾಲು ಮುಂದಾಗಿ ಹುಟ್ಟಿದ, ಸೂಲಗಿತ್ತಿ ಮೂರು ಏಟು ಕೊಟ್ಟ ಮೇಲೆ ಅತ್ತ ಅಂದೆ. ಒಂದೂವರೆ ವರ್ಷಕ್ಕೆ ನಡೆದ, ಅಲ್ಲಿವರೆಗೂ ಕೂತಲ್ಲೇ ಜಾರಿಕೊಂಡು ಹೋಗುತ್ತಿದ್ದ ಅಂದೆ. ಬಾಯಿಗೆ ಕಲ್ಲು ಹಾಕಿಕೊಳ್ಳುತ್ತಿದ್ದ, ಬೆರಳು ಹಾಕಿ ತೆಗೆದರೆ ಕಚ್ಚುತ್ತಿದ್ದ. ಎಮ್ಮೆಗೆ ಹೆದರುತ್ತಿರಲಿಲ್ಲ, ಕ್ಷೌರದವನನ್ನು ಕಂಡರೆ ಹೆದರುತ್ತಿದ್ದ. ಐದನೇ ವರ್ಷ ದಡಾರ ಬಂದಾಗ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದೆ, ಎಲೆ ಎಣಿಸುತ್ತೇನೆ ಎಂದು ಇಪ್ಪತ್ತರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಪೊಲೀಸಿನವರು ಬರೆಯುವುದನ್ನು ನಿಲ್ಲಿಸಿದ್ದರು. “ಸಾಕು ಅಮ್ಮ, ಇಷ್ಟು ಸಾಕು” ಅಂದರು. ನಾನಿನ್ನೂ ಅವನ ಆರನೇ ವರ್ಷದಲ್ಲಿದ್ದೆ.